ದಾದರ್ ಸೊನ್ನೆ, ಕುರ್ಲಾ ಮೂರು

ನಮ್ಮ ಮಗಳು ಮೂರೂವರೆ ವರ್ಷಕ್ಕೇ ಇಪ್ಪತ್ತರವರೆಗೆ ಗಡಗಡ ಹೇಳುತ್ತಿದ್ದಳು. ಊರಿಂದ ಬಂದ ಅಜ್ಜಿಗೆ ಭಾರೀ ಖುಷಿ. ಆದರೆ ತಟ್ಟೆಯಲ್ಲಿದ್ದ ಐದು ಇಡ್ಲಿ ತುಂಡು ಎಣಿಸು ಎಂದರೆ ಏಳು ಎಂದಳು. ಬಾಯಿಯ ವೇಗಕ್ಕೆ ಬೆರಳು ಸಾಲದು!

ಹಾಗಾಗಿ ಮೊದಲು ಮುಟ್ಟಿ ಎಣಿಸುವುದನ್ನು ಕಲಿಸಿ. ಐದು ಹುಣಸೆ ಬೀಜ ಕೊಡಿ (ಬಾಯಿಗೆ ಹಾಕಿಕೊಂಡಾರು, ಪಕ್ಕದಲ್ಲೇ ಕೂತಿರಿ). ಒಂದೊಂದೇ ಎತ್ತಿ ಬಟ್ಟಲಿಗೆ ಹಾಕುತ್ತಾ ಎಣಿಸಲಿ. ಆಗ ಒಂದನ್ನೇ ಎರಡು ಸಲ ಎಣಿಸುವ ತಾಪತ್ರಯ ಇಲ್ಲ. ಮುಗಿದ ಮೇಲೆ "ಒಟ್ಟು ಎಷ್ಟು ಪುಟ್ಟಾ?" ಕೇಳಿ. ಮತ್ತೆ ಒಂದರಿಂದ ಶುರು ಮಾಡಿದರೆ ಬೈಯಬೇಡಿ. ಕೊನೆಗೆ ಹೇಳಿದ್ದೇ ಒಟ್ಟು ಲೆಕ್ಕ ಅನ್ನೋದು ಇನ್ನೂ ತಲೆಗೆ ಹೋಗಿಲ್ಲ, ಅಷ್ಟೇ. ಮನೆಯಲ್ಲಿ ಚೆನ್ನೆಮಣೆ ಇದ್ದರೆ ಅಟ್ಟದಿಂದ ಇಳಿಸಿ. ಗುಳಿಗೆ ನಾಲ್ಕರಂತೆ ಬೀಜ ತುಂಬುವುದೇ ಒಳ್ಳೇ ಅಭ್ಯಾಸ.

ಇಪ್ಪತ್ತು ದಾಟಿದರೆ ಮುಂಬೈ ಮಕ್ಕಳಿಗೆ ಇನ್ನೊಂದು ತೊಡಕು. ನಮ್ಮ ಇಪ್ಪತ್ತಮೂರರಲ್ಲಿ ಇಪ್ಪತ್ತು ಮೊದಲು, ಮರಾಠಿಯ ತೇವೀಸ್‌ನಲ್ಲಿ ಮೂರು ಮೊದಲು. 23 ಅನ್ನು 32 ಎಂದು ಬರೆದರೆ ಗಾಬರಿ ಬೇಡ. 2019ರಲ್ಲಿ ಮಹಾರಾಷ್ಟ್ರದ ಎರಡನೇ ತರಗತಿ ಗಣಿತ ಪುಸ್ತಕ 'ವೀಸ್ ತೀನ್' ಎಂದು ಬಿಡಿಸಿ ಹೇಳಲು ಹೊರಟಾಗ ದೊಡ್ಡ ಗಲಾಟೆಯೇ ಆಗಿತ್ತು. ಮನೆಯಲ್ಲಿ ಕನ್ನಡದಲ್ಲೇ ಎಣಿಸಿ, ಹೇಳಿದ ಕ್ರಮದಲ್ಲೇ ಬರೆಯುವ ಆ ಅನುಕೂಲ ಪುಕ್ಕಟೆ ಸಿಗುತ್ತದೆ.

ಇನ್ನು ಕೂಡಿಸುವುದು. ಮೂರು ಬೀಜ, ಪಕ್ಕದಲ್ಲಿ ಎರಡು. ಮೊದಮೊದಲು ಮಗು ಎಲ್ಲವನ್ನೂ ಒಂದರಿಂದ ಎಣಿಸುತ್ತದೆ, ಎಣಿಸಲಿ. ಕೆಲವು ದಿನ ಬಿಟ್ಟು ಆ ಮೂರರ ಮೇಲೆ ಬಟ್ಟಲು ಕವುಚಿ. "ಒಳಗೆ ಮೂರಿದೆ. ಹೊರಗಿನದ್ದೂ ಸೇರಿದರೆ?" ಈಗ ಮೂರನ್ನು ಮನಸ್ಸಲ್ಲಿ ಇಟ್ಟುಕೊಂಡು ಮುಂದೆ ಹೋಗಲೇಬೇಕು, ಅಲ್ವಾ?

ಇಲ್ಲೇ ಜಾಸ್ತಿ ಮಕ್ಕಳು ಎಡವುವುದು. "ಮೂರು, ನಾಲ್ಕು" ಎಂದು ಎರಡು ಬೆರಳು ಮಡಚಿ ನಾಲ್ಕು ಅನ್ನುತ್ತವೆ. ಕೈಯಲ್ಲಿದ್ದ ಮೂರನ್ನೇ ಮತ್ತೆ ಎಣಿಸಿರುತ್ತವೆ. ನನ್ನ ಮಗಳಿಗೆ ಇದನ್ನು ಬಿಡಿಸಿದ್ದು ಲೋಕಲ್ ಟ್ರೇನು. ಭಾನುವಾರ ಮಧ್ಯಾಹ್ನ ದಾದರಿನಲ್ಲಿ ಕುರ್ಲಾ ಕಡೆಗೆ ಹೋಗುವ, ಎಲ್ಲ ಸ್ಟೇಷನ್‌ನಲ್ಲೂ ನಿಲ್ಲುವ ಸ್ಲೋ ಗಾಡಿ ಹತ್ತಿ. ಸಂಜೆಯ ಗರ್ದಿಯಲ್ಲಂತೂ ಬೇಡ. ಹತ್ತಿದ ದಾದರ್ ಸೊನ್ನೆ. ಮಾಟುಂಗಾ ಒಂದು, ಸಾಯನ್ ಎರಡು, ಕುರ್ಲಾ ಮೂರು. ಕುರ್ಲಾದಲ್ಲಿ ಗಾಡಿ ನಿಂತಾಗ ಕೇಳಿ: "ಇನ್ನೆರಡು ಸ್ಟೇಷನ್ ಹೋದರೆ?" ಬಾಗಿಲಾಚೆ ಕುರ್ಲಾ ಬೋರ್ಡು ಕಾಣುತ್ತಿರುತ್ತದೆ. ಅಲ್ಲಿಗೆ ಬಂದಾಗಿದೆ, ಅದನ್ನೇ ಮತ್ತೆ ಎಣಿಸುವುದೆಲ್ಲಿ? ವಿದ್ಯಾವಿಹಾರ್ ನಾಲ್ಕು, ಘಾಟ್ಕೋಪರ್ ಐದು.

ನಾವು ಇಳಿಯಬೇಕಿದ್ದದ್ದು ಕುರ್ಲಾದಲ್ಲೇ. ವಾಪಸ್ ಬರುವ ಗಾಡಿಯಲ್ಲಿ ಅವಳೇ ಶುರು ಮಾಡಿದಳು: "ಐದು, ನಾಲ್ಕು, ಮೂರು... ಅಮ್ಮಾ, ಈಗ ಇಳಿ!"