ಪುಟ್ಟ ನಾಯಿಗೆ ಸೊಂಟದ ಆಪರೇಷನ್: ಮನೆಯಲ್ಲಿ ಆರೈಕೆ ಹೇಗೆ?

ಹಿಂಗಾಲು ಎತ್ತಿಕೊಂಡು ಕುಂಟುವ ನಾಯಿಯನ್ನು ಕಂಡರೆ ‘ಮುಳ್ಳು ಚುಚ್ಚಿರಬೇಕು, ಸರಿಹೋಗುತ್ತೆ’ ಅಂತ ಬಿಟ್ಟುಬಿಡುವುದು ನಮ್ಮ ಕೊಡಗಿನ ತೋಟದ ಮನೆಗಳಲ್ಲಿ ಮಾಮೂಲಿ. ಪಾದದಲ್ಲಿ ಮುಳ್ಳೂ ಇಲ್ಲ, ಗಾಯವೂ ಇಲ್ಲ, ಎರಡು ಮೂರು ದಿನವಾದರೂ ಕಾಲು ಊರುತ್ತಿಲ್ಲ ಅಂದರೆ ಸೊಂಟದ ಕೀಲನ್ನು ತೋರಿಸಲೇಬೇಕು. ತೊಡೆ ಮುಟ್ಟಿ ನೋಡಿ. ಇನ್ನೊಂದು ತೊಡೆಗಿಂತ ಸಣ್ಣಗಾಗಿದ್ದರೆ ನೋವು ಹಳೆಯದು ಅಂತ ಅರ್ಥ.

ಪೊಮೆರೇನಿಯನ್, ಪಗ್, ಪೂಡಲ್ ತರಹದ ಚಿಕ್ಕ ತಳಿಗಳಲ್ಲಿ ಇದಕ್ಕೆ ಮುಖ್ಯವಾಗಿ ಎರಡು ಕಾರಣ. ಒಂದು, ಲೆಗ್-ಪರ್ಥೀಸ್ ಎಂಬ ಕಾಯಿಲೆ. ತೊಡೆಮೂಳೆಯ ಮೇಲ್ತುದಿಯ ಗುಂಡಿನಂಥ ಭಾಗಕ್ಕೆ ರಕ್ತ ಸರಿಯಾಗಿ ಹೋಗದೆ ಅದು ಒಳಗೊಳಗೇ ಸವೆಯುತ್ತದೆ. ಸಾಮಾನ್ಯವಾಗಿ ಒಂದು ವರ್ಷದೊಳಗಿನ ಮರಿಗಳಲ್ಲೇ ಕಾಣಿಸಿಕೊಳ್ಳುತ್ತದೆ. ಇನ್ನೊಂದು, ಏಟು. ಬೈಕ್ ತಾಗಿದರೆ, ಜೀಪಿನಿಂದ ಹಾರಿದರೆ ಕೀಲು ತಪ್ಪಬಹುದು. ಆಗ ತಡಮಾಡಬೇಡಿ. ತಪ್ಪಿದ ಕೀಲನ್ನು ಮೊದಲ ದಿನಗಳಲ್ಲಾದರೆ ಕೊಯ್ಯದೆಯೇ ಕೂರಿಸಲು ಸಾಧ್ಯವಾಗಬಹುದು. ದಿನ ಕಳೆದಂತೆ ಅದು ಕಷ್ಟವಾಗುತ್ತದೆ. ಚಿಕ್ಕ ನಾಯಿಗಳಲ್ಲಿ ಮಂಡಿಚಿಪ್ಪು ಜಾರಿದರೂ ಕುಂಟು ಹೀಗೇ ಇರುತ್ತದೆ. ಹಾಗಾಗಿ ಎಕ್ಸ್‌ರೇ ನೋಡದೆ ಯಾವ ತೀರ್ಮಾನಕ್ಕೂ ಬರಬೇಡಿ.

ಮೊದಲು ಯಾವ ಆಪರೇಷನ್ ಅಂತ ಕೇಳಿ

ಇದು ಬಹಳ ಮುಖ್ಯ. ಯಾಕಂದ್ರೆ ಆಮೇಲಿನ ಆರೈಕೆ ಪೂರ್ತಿ ಇದರ ಮೇಲೇ ನಿಂತಿದೆ. ಕೀಲನ್ನು ಮತ್ತೆ ಕೂರಿಸಿದ್ದರೆ ಅಥವಾ ಕೃತಕ ಕೀಲು ಹಾಕಿದ್ದರೆ ವಾರಗಟ್ಟಲೆ ಕಟ್ಟುನಿಟ್ಟಿನ ವಿಶ್ರಾಂತಿ ಬೇಕು. ಚಿಕ್ಕ ನಾಯಿಗಳಿಗೆ ಜಾಸ್ತಿ ಮಾಡುವುದು ಎಫ್‌ಎಚ್‌ಒ (ಫೀಮೋರಲ್ ಹೆಡ್ ಆಸ್ಟೆಕ್ಟಮಿ) ಎಂಬ ಆಪರೇಷನ್. ಇದರಲ್ಲಿ ಕೆಟ್ಟುಹೋದ ಗುಂಡನ್ನೇ ಕತ್ತರಿಸಿ ತೆಗೆಯುತ್ತಾರೆ. ಅದರ ಜಾಗಕ್ಕೆ ಏನನ್ನೂ ಹಾಕುವುದಿಲ್ಲ. ಸುತ್ತಲಿನ ಸ್ನಾಯು ಮತ್ತು ಹೊಸದಾಗಿ ಬೆಳೆಯುವ ನಾರಿನಂಥ ಅಂಗಾಂಶವೇ ಕೀಲಿನ ಕೆಲಸ ವಹಿಸಿಕೊಳ್ಳುತ್ತದೆ. ಮೈಭಾರ ಕಡಿಮೆ ಇರುವ ನಾಯಿಗೆ ಇದು ಚೆನ್ನಾಗಿ ಒಗ್ಗುತ್ತದೆ.

ಎಫ್‌ಎಚ್‌ಒ ಆದ ನಾಯಿ ಕಾಲನ್ನು ಬೇಗ ಬಳಸಲು ಶುರುಮಾಡಬೇಕು. ಪಾಪ, ನೋಯುತ್ತೆ ಅಂತ ತಿಂಗಳುಗಟ್ಟಲೆ ಎತ್ತಿಕೊಂಡೇ ತಿರುಗಿದರೆ ಆ ಜಾಗ ಬಿಗಿದುಕೊಳ್ಳುತ್ತದೆ, ತೊಡೆ ಸೊರಗುತ್ತದೆ. ಮನೆಯವರ ಪ್ರೀತಿಯೇ ಅದಕ್ಕೆ ಅಡ್ಡಬರುತ್ತದೆ. ಮುಂದೆ ಹೇಳುವುದೆಲ್ಲ ಈ ಎಫ್‌ಎಚ್‌ಒ ಬಗ್ಗೆ.

ಹೊರಡುವ ಮೊದಲು

ತಾಲ್ಲೂಕಿನ ಪಶು ಆಸ್ಪತ್ರೆಯಲ್ಲಿ ಮೊದಲು ತೋರಿಸಿ. ಮೂಳೆಯ ಆಪರೇಷನ್‌ಗೆ ಕೊಡಗಿನವರು ಸಾಮಾನ್ಯವಾಗಿ ಮೈಸೂರಿಗೋ ಬೆಂಗಳೂರಿಗೋ ಹೋಗಬೇಕಾಗುತ್ತದೆ. ಬೆಂಗಳೂರಿನ ಹೆಬ್ಬಾಳದಲ್ಲಿ, ಹಾಸನದಲ್ಲಿ ಸರ್ಕಾರಿ ಪಶುವೈದ್ಯಕೀಯ ಕಾಲೇಜುಗಳಿವೆ. ಆಪರೇಷನ್, ಅರಿವಳಿಕೆ, ಔಷಧಿ, ಮತ್ತೆ ತೋರಿಸಲು ಬರುವುದು, ಎಲ್ಲ ಸೇರಿ ಎಷ್ಟಾಗುತ್ತದೆ ಎಂದು ಮುಂಚೆಯೇ ಕೇಳಿ ಬರೆದುಕೊಳ್ಳಿ. ಕೇಳಲು ಸಂಕೋಚ ಬೇಡ.

ರಕ್ತ ಪರೀಕ್ಷೆ ತಪ್ಪಿಸಬೇಡಿ. ತೋಟದಲ್ಲಿ ಓಡಾಡುವ ನಾಯಿಗೆ ಉಣ್ಣೆ ಹತ್ತುವುದು ಸಾಮಾನ್ಯ ಅಲ್ವಾ? ಉಣ್ಣೆಯಿಂದ ಬರುವ ಜ್ವರ ರಕ್ತದ ಪ್ಲೇಟ್‌ಲೆಟ್ ಇಳಿಸುತ್ತದೆ. ಹೊರಗೆ ಚುರುಕಾಗಿಯೇ ಕಾಣುವ ನಾಯಿಗೆ ಆಪರೇಷನ್ ಟೇಬಲ್ ಮೇಲೆ ರಕ್ತ ನಿಲ್ಲದೆ ಹೋಗಬಹುದು. ಪ್ಲೇಟ್‌ಲೆಟ್ ಕಡಿಮೆ ಇದ್ದರೆ ಮೊದಲು ಜ್ವರಕ್ಕೆ ಚಿಕಿತ್ಸೆ, ಆಮೇಲೆ ಆಪರೇಷನ್. ಪಗ್‌ನಂತಹ ಚಪ್ಪಟೆ ಮೂಗಿನ ನಾಯಿಯಾದರೆ ಉಸಿರಾಟದ ತೊಂದರೆ ಇದೆಯೇ ಎಂದು ಅರಿವಳಿಕೆಗೆ ಮುಂಚೆ ಡಾಕ್ಟರ್ ಜೊತೆ ಮಾತಾಡಿ.

ಬೆಳಗಿನ ಜಾವ ಹೊರಡುವಾಗ ‘ದೂರದ ದಾರಿ’ ಅಂತ ಹಾಲು, ಬಿಸ್ಕತ್ತು ಕೊಡಬೇಡಿ. ಅರಿವಳಿಕೆ ಕೊಟ್ಟಾಗ ವಾಂತಿಯಾಗಿ ಅದು ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಅಪಾಯ. ಎಷ್ಟು ಹೊತ್ತು ಉಪವಾಸ, ನೀರು ಯಾವಾಗಿನವರೆಗೆ ಕೊಡಬಹುದು ಎಂದು ಡಾಕ್ಟರನ್ನೇ ಕೇಳಿ. ತೀರಾ ಪುಟ್ಟ ಮರಿಯನ್ನು ಜಾಸ್ತಿ ಹೊತ್ತು ಖಾಲಿ ಹೊಟ್ಟೆಯಲ್ಲಿಟ್ಟರೆ ರಕ್ತದಲ್ಲಿ ಸಕ್ಕರೆ ಇಳಿಯುತ್ತದೆ.

ವಾಪಸ್ ಬರುವಾಗ ಮಡಿಲಲ್ಲಿ ಮಲಗಿಸಿಕೊಳ್ಳುವುದಕ್ಕಿಂತ ಗಟ್ಟಿ ಪೆಟ್ಟಿಗೆ ಒಳ್ಳೆಯದು. ಕುಶಾಲನಗರದ ಬಳಿಯ ಆನೆಕಾಡು ದಾಟಿ ಸುಂಟಿಕೊಪ್ಪದ ಕಡೆ ಏರುವ ತಿರುವುಗಳಲ್ಲಿ ನಾಯಿ ಅತ್ತಿಂದಿತ್ತ ಜಾರುತ್ತದೆ. ಪೆಟ್ಟಿಗೆಯ ನಾಲ್ಕೂ ಬದಿಗೆ ಸುತ್ತಿದ ಟವೆಲ್ ಇಟ್ಟು, ಆಪರೇಷನ್ ಆದ ಕಾಲು ಮೇಲೆ ಬರುವಂತೆ ಮಲಗಿಸಿ. ಅರಿವಳಿಕೆ ಆದ ಪುಟ್ಟ ನಾಯಿಗೆ ಮೈ ಬೇಗ ತಣ್ಣಗಾಗುತ್ತದೆ. ಕಂಬಳಿ ಮರೆಯಬೇಡಿ.

ಮೊದಲ ಎರಡು ವಾರ

ನೆಲ ಜಾರಬಾರದು. ಹಳೆ ಮನೆಗಳ ರೆಡ್ ಆಕ್ಸೈಡ್ ನೆಲ ನಮಗೆ ಚೆಂದ, ಈ ನಾಯಿಗೆ ಶತ್ರು. ಅದು ಓಡಾಡುವ ಕಡೆಯೆಲ್ಲ ಗೋಣಿ ಚೀಲವನ್ನೋ ನಾರಿನ ಮ್ಯಾಟನ್ನೋ ಹಾಸಿ. ಪಾದದಡಿಯ ಕೂದಲು, ಬೆಳೆದ ಉಗುರು ಕತ್ತರಿಸಿ. ಮೆಟ್ಟಿಲು, ಸೋಫಾ, ಬೇರೆ ನಾಯಿಗಳ ಜೊತೆ ಆಟ ಬೇಡ.

ನೋವಿನ ಔಷಧಿಯನ್ನು ಹೊತ್ತಿಗೆ ಸರಿಯಾಗಿ ಕೊಡಿ. ‘ಇವತ್ತು ಚೆನ್ನಾಗಿದ್ದಾನೆ, ಯಾಕೆ ಸುಮ್ನೆ ಮಾತ್ರೆ’ ಅಂತ ನಿಲ್ಲಿಸಬೇಡಿ. ನೋವಿದ್ದರೆ ಕಾಲು ಊರುವುದಿಲ್ಲ, ಊರದಿದ್ದರೆ ಆಪರೇಷನ್ ಮಾಡಿಸಿದ್ದೇ ವ್ಯರ್ಥ. ಮೆಲಾಕ್ಸಿಕಾಮ್ ಕೊಟ್ಟಿದ್ದರೆ ಊಟದ ಜೊತೆಗೇ ಕೊಡಿ, ತೂಕಕ್ಕೆ ತಕ್ಕಂತೆ ಹೇಳಿದಷ್ಟೇ ಹಾಕಿ. ಮನೆಯಲ್ಲಿರುವ ಐಬುಪ್ರೊಫೆನ್, ಪ್ಯಾರಾಸಿಟಮಾಲ್ ಮಾತ್ರ ಬೇಡವೇ ಬೇಡ.

ಹೊಲಿಗೆ ಬಿಚ್ಚುವುದು 10ರಿಂದ 14 ದಿನಕ್ಕೆ. ಅಲ್ಲಿಯವರೆಗೆ ಕೊರಳಿಗೆ ಹೊಲಿಗೆ ನೆಕ್ಕದಂತೆ ತಡೆಯುವ ಅಗಲ ಕಾಲರ್ ಇರಲಿ, ಸ್ನಾನ ಬೇಡ. ಮೊದಲ ಎರಡು ಮೂರು ದಿನ ಬಟ್ಟೆಯಲ್ಲಿ ಸುತ್ತಿದ ಐಸ್ ಅನ್ನು 10 ನಿಮಿಷ ಇಟ್ಟರೆ ಊತ ಇಳಿಯುತ್ತದೆ. ಹೊರಗೆ ಕರೆದೊಯ್ಯುವಾಗ ಹೊಟ್ಟೆಯಡಿ ಟವೆಲ್ ತೂರಿಸಿ ಮೆಲ್ಲಗೆ ಎತ್ತಿ ಹಿಡಿಯಿರಿ. ಅದು ಆಸರೆಗೆ ಮಾತ್ರ, ಕಾಲು ನೆಲದಿಂದ ಮೇಲೇಳಬಾರದು.

ಮಳೆಗಾಲವಾದರೆ ಜಿಗಣೆಯ ಕಾಟ ಬೇರೆ. ಹುಲ್ಲಿಗೆ ಬಿಡದೆ ಜಗಲಿಯಲ್ಲೇ ನಡೆಸಿ. ಒಳಗೆ ಬಂದ ಮೇಲೆ ಬೆರಳ ಸಂದಿ, ತೊಡೆಯ ಸಂದು ನೋಡಿ. ಜಿಗಣೆ ಬಿಡಿಸಲು ಹೊಲಿಗೆಯ ಹತ್ತಿರ ಉಪ್ಪು, ಸುಣ್ಣ ಹಾಕಬೇಡಿ. ಉಗುರಿನಿಂದ ಮೆಲ್ಲಗೆ ಸರಿಸಿ ತೆಗೆಯಿರಿ.

ಕಾಲು ಊರಿಸುವುದು ಹೇಗೆ?

ಡಾಕ್ಟರ್ ಒಪ್ಪಿದ ದಿನದಿಂದ ಶುರುಮಾಡಿ. ನಾಯಿಯನ್ನು ಚೆನ್ನಾಗಿರುವ ಪಕ್ಕಕ್ಕೆ ಮಲಗಿಸಿ. ಒಂದು ಕೈ ಸೊಂಟದ ಮೇಲಿರಲಿ, ಇನ್ನೊಂದು ಕೈಯಲ್ಲಿ ಮಂಡಿಯ ಹತ್ತಿರ ಹಿಡಿದು ಕಾಲನ್ನು ನಿಧಾನವಾಗಿ ಮುಂದಕ್ಕೆ, ಆಮೇಲೆ ಹಿಂದಕ್ಕೆ ತನ್ನಿ. ಹಿಂದಕ್ಕೆ ಚಾಚುವುದೇ ಇಲ್ಲಿ ಮುಖ್ಯ, ಮೊದಲು ಬಿಗಿಯಾಗುವುದೂ ಅದೇ. ಒಂದು ಸಲಕ್ಕೆ 10-15 ಬಾರಿ, ದಿನಕ್ಕೆ ಎರಡು ಮೂರು ಸಲ. ನಾಯಿ ತಲೆ ತಿರುಗಿಸಿ ನಿಮ್ಮ ಕೈ ನೋಡಿತು ಅಂದರೆ ಅವತ್ತಿನ ಮಟ್ಟಿಗೆ ಅದೇ ಮಿತಿ. ಅದಕ್ಕಿಂತ ಮುಂದೆ ಎಳೆಯಬೇಡಿ.

ನಡಿಗೆಯಲ್ಲಿ ಗುಟ್ಟು ಇರುವುದು ವೇಗದಲ್ಲಿ. ಬೇಗ ನಡೆಸಿದರೆ ಅದು ಜಾಣತನದಿಂದ ಕಾಲೆತ್ತಿ ಮೂರರಲ್ಲೇ ಕುಪ್ಪಳಿಸುತ್ತದೆ. ಚಿಕ್ಕ ಹಗ್ಗ ಹಿಡಿದು ತೀರಾ ನಿಧಾನ ನಡೆಸಿದರೆ ನಾಲ್ಕನೆಯದನ್ನು ಇಡಲೇಬೇಕಾಗುತ್ತದೆ. ಐದೈದು ನಿಮಿಷ, ದಿನಕ್ಕೆ ನಾಲ್ಕೈದು ಸಲ ಸಾಕು. ಕಾಫಿ ಒಣಗಿಸುವ ಕಣ ಖಾಲಿ ಇದ್ದರೆ ಅದರ ಒರಟು ಸಿಮೆಂಟು ಇದಕ್ಕೆ ಹೇಳಿಮಾಡಿಸಿದ ಜಾಗ.

ಅಂಗಳದ ಹಸಿ ಮಣ್ಣಿನಲ್ಲಿ ಹೆಜ್ಜೆ ನೋಡಿ. ಮೊದಮೊದಲು ಮೂರೇ ಗುರುತು. ಆಮೇಲೆ ಎರಡು ಉಗುರಿನ ಗೀರು. ಒಂದೆರಡು ವಾರದಲ್ಲಿ ಬೆರಳುಗಳು ಮೂಡುತ್ತವೆ, ಹಿಮ್ಮಡಿಯ ಮೆತ್ತೆ ಮಾತ್ರ ಇರುವುದಿಲ್ಲ. ಪೂರ್ತಿ ಪಾದ ಬಿದ್ದು, ಬೇರೆ ಕಾಲಿನಷ್ಟೇ ಆಳವಾಗಿ ಮೂಡಲು ಎಷ್ಟೋ ವಾರ ಬೇಕು.

ಮೂರು ನಾಲ್ಕು ವಾರದ ನಂತರ ನಮ್ಮ ಊರಿನ ಏರೇ ಔಷಧಿ. ಏರು ಹತ್ತುವಾಗ ಭಾರ ಹಿಂಗಾಲಿಗೆ ಬೀಳುತ್ತದೆ, ತೊಡೆ ತುಂಬಿಕೊಳ್ಳುತ್ತದೆ. ಇಳಿಯುವಾಗ ಭಾರ ಮುಂದಕ್ಕೆ ಹೋಗುತ್ತದೆ, ಜಾರುವ ಭಯವೂ ಇದೆ. ಹತ್ತುವಾಗ ನಡೆಸಿ, ಇಳಿಯುವಾಗ ಎತ್ತಿಕೊಳ್ಳಿ. ಕೂರಿಸಿ ಏಳಿಸುವುದೂ ಒಳ್ಳೆಯ ವ್ಯಾಯಾಮ. ಹೊಳೆ, ಕೆರೆಗೆ ಇಳಿಸುವ ಆತುರ ಬೇಡ. ಪೂರ್ತಿ ಚೇತರಿಕೆಗೆ ಎರಡು ಮೂರು ತಿಂಗಳು, ಕೆಲವಕ್ಕೆ ಆರು ತಿಂಗಳೂ ಹಿಡಿಯುತ್ತದೆ. ಕಾಲು ಸ್ವಲ್ಪ ಗಿಡ್ಡವಾಗಿ ಕಾಣಬಹುದು. ನಾಯಿಗೆ ಅದರಿಂದ ತೊಂದರೆಯಿಲ್ಲ.

ತೂಕ ಏರಬಾರದು. ಸವರಿದರೆ ಪಕ್ಕೆಲುಬು ಕೈಗೆ ಸಿಗುವಂತಿರಲಿ. ನೆಂಟರು ಬಂದಾಗ ಪಂದಿಕರಿಯ (ಹಂದಿ ಮಾಂಸದ ಸಾರಿನ) ಕೊಬ್ಬು, ಮೂಳೆ ಹಾಕುವುದನ್ನು ಗಟ್ಟಿಯಾಗಿ ತಡೆಯಿರಿ. ಆ ಕೊಬ್ಬು, ಈರುಳ್ಳಿ ಎರಡೂ ನಾಯಿಗೆ ಕೆಟ್ಟದ್ದು.

ಡಾಕ್ಟರಿಗೆ ಯಾವಾಗ ಫೋನ್ ಮಾಡಬೇಕು?

ಗಾಯ ಕೆಂಪಾಗಿ ಊದಿದರೆ, ಕೀವು ಅಥವಾ ವಾಸನೆ ಬಂದರೆ, ದಿನ ಕಳೆದರೂ ಊಟ ಮುಟ್ಟದಿದ್ದರೆ ಕೂಡಲೇ. ವಾಂತಿ ಅಥವಾ ಕಪ್ಪು ಮಲ ಕಂಡರೆ ನೋವಿನ ಔಷಧಿ ನಿಲ್ಲಿಸಿ ಆಗಲೇ ಫೋನ್ ಮಾಡಿ. ಮೂರು ವಾರವಾದರೂ ಬೆರಳನ್ನೂ ನೆಲಕ್ಕೆ ತಾಗಿಸದಿದ್ದರೆ ಮತ್ತೆ ಕರೆದೊಯ್ದು ತೋರಿಸಿ. ಆಸ್ಪತ್ರೆ ದೂರ ಇರುವವರು ವಾರಕ್ಕೊಮ್ಮೆ ನಾಯಿ ನಡೆಯುವುದನ್ನು ಹಿಂದಿನಿಂದ ಮತ್ತು ಪಕ್ಕದಿಂದ ಮೊಬೈಲಿನಲ್ಲಿ ವಿಡಿಯೊ ಮಾಡಿ ಕಳಿಸಿ. ಫೋನಿನಲ್ಲಿ ‘ಸ್ವಲ್ಪ ಕುಂಟುತ್ತೆ ಡಾಕ್ಟ್ರೇ’ ಅನ್ನುವುದಕ್ಕಿಂತ ಆ ವಿಡಿಯೊದಿಂದ ಅವರಿಗೆ ಜಾಸ್ತಿ ಗೊತ್ತಾಗುತ್ತದೆ.