ಎಸ್-ಬ್ಯಾಂಡ್ ಕ್ಲೈಸ್ಟ್ರಾನ್ ವಿನ್ಯಾಸ: ನಾನು ಹಿಡಿದ ಲೆಕ್ಕಗಳು

2856 ಮೆಗಾಹರ್ಟ್ಸ್‌ನಲ್ಲಿ 5 ಮೆಗಾವ್ಯಾಟ್ ಪಲ್ಸ್ ಕೊಡುವ, ಅಂದರೆ ಎಲೆಕ್ಟ್ರಾನ್ ಬೀಮಿನಿಂದ ಮೈಕ್ರೋವೇವ್ ಸಿಗ್ನಲ್ಲನ್ನು ಬಲಪಡಿಸುವ ನಿರ್ವಾತ ಕೊಳವೆಯಾದ ಕ್ಲೈಸ್ಟ್ರಾನ್‌ಗೆ ನಾನು ಮೊದಲು ಗೊತ್ತುಮಾಡಿಕೊಂಡಿದ್ದು ಪರ್ವಿಯನ್ಸ್, ಅಂದರೆ ಕರೆಂಟನ್ನು ವೋಲ್ಟೇಜಿನ ಒಂದೂವರೆ ಘಾತದಿಂದ ಭಾಗಿಸಿದರೆ ಬರುವ ಸಂಖ್ಯೆ. ಇದು ಕಡಿಮೆಯಿದ್ದಷ್ಟೂ ಎಲೆಕ್ಟ್ರಾನ್‌ಗಳು ಬಿಗಿಯಾಗಿ ಗುಂಪುಗಟ್ಟಿ ದಕ್ಷತೆ ಏರುತ್ತದೆ. ಆದರೆ ಅದೇ ಪವರ್‌ಗೆ ವೋಲ್ಟೇಜ್ ಏರಿಸಬೇಕು, ಆಗ ಬೀಮ್ ಹೊರಡಿಸುವ ಗನ್‌ನಲ್ಲಿ ಆರ್ಕ್ ಶುರುವಾಗುತ್ತದೆ. 2 ಮೈಕ್ರೋಪರ್ವ್‌ಗೆ (ಪರ್ವಿಯನ್ಸ್ 2ರ ಹತ್ತು ಲಕ್ಷದಲ್ಲೊಂದು ಪಾಲು) ನಿಲ್ಲಿಸಿದೆ: 125 ಕಿಲೋವೋಲ್ಟ್, 90 ಆಂಪಿಯರ್. ಶೇ 45 ದಕ್ಷತೆ ಬಂದರೆ ಸಾಕು.

ಬೀಮ್ ಸಾಗುವ ಡ್ರಿಫ್ಟ್ ಟ್ಯೂಬಿನ ತ್ರಿಜ್ಯ 10 ಮಿ.ಮೀ., ಬೀಮಿನದು 6.5. ಇದಕ್ಕೆ ಬ್ರಿಲ್ವಾ ಕ್ಷೇತ್ರ, ಅಂದರೆ ಬೀಮ್ ಹರಡದಂತೆ ಹಿಡಿಯಲು ಬೇಕಾದ ಕನಿಷ್ಠ ಕಾಂತಕ್ಷೇತ್ರ, ಸುಮಾರು 630 ಗಾಸ್. ಅಷ್ಟೇ ಕೊಟ್ಟರೆ ಔಟ್‌ಪುಟ್ ಕ್ಯಾವಿಟಿಯ (ಪವರ್ ಹೊರತೆಗೆಯುವ ತಾಮ್ರದ ಟೊಳ್ಳು) ಹತ್ತಿರ ಬೀಮ್ ಉಬ್ಬಿ ಗೋಡೆಗೆ ಬಡಿಯುತ್ತದೆ, ಅದಕ್ಕೇ 1400 ಗಾಸ್. ಹಾಗೆ ಏರಿಸಿದ ಮೇಲೆ ಗನ್‌ನೊಳಗೆ ಎಲೆಕ್ಟ್ರಾನ್ ಹೊರಸೂಸುವ ಕ್ಯಾಥೋಡಿಗೂ ತಕ್ಕಷ್ಟು ಕಾಂತೀಯ ಫ್ಲಕ್ಸ್ ತಲುಪಬೇಕು, ಇಲ್ಲದಿದ್ದರೆ ಬೀಮಿನ ಅಂಚು ಅಲೆಅಲೆಯಾಗುತ್ತದೆ. ಆ ಫ್ಲಕ್ಸನ್ನು ಗನ್ ಹಿಂದಿನ ಬಕಿಂಗ್ ಕಾಯಿಲ್‌ನಿಂದ ಹೊಂದಿಸುತ್ತೇನೆ. ಕ್ಯಾಥೋಡ್ 1000 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕಾದಾಗ ಮುಂದಕ್ಕೆ ಬೆಳೆಯುವುದರಿಂದ, ಬಿಸಿ ಸ್ಥಿತಿಯ ಅಳತೆ ಹಾಕಿ ಅದರಿಂದ ತಣ್ಣಗಿನ ಅಳತೆಗೆ ಬರಬೇಕು.

ಹೆಚ್ಚು ಹೊತ್ತು ಹಿಡಿಯುವುದು ಕ್ಯಾವಿಟಿಗಳ ಫ್ರೀಕ್ವೆನ್ಸಿ. ಬೆಂಚ್ ಮೇಲೆ ಒಳಗೆ ಗಾಳಿ ಇರುತ್ತದೆ. ನಿರ್ವಾತ ಮಾಡಿದಾಗ ಫ್ರೀಕ್ವೆನ್ಸಿ ಸುಮಾರು 0.85 ಮೆಗಾಹರ್ಟ್ಸ್ ಮೇಲೇರುತ್ತದೆ. ತಾಮ್ರ ಹಿಗ್ಗಿದಂತೆ ಡಿಗ್ರಿಗೆ 0.048ರಂತೆ ಇಳಿಯುತ್ತದೆ. 20 ಡಿಗ್ರಿ ಬಿಸಿಯಾದರೆ ಎರಡೂ ಹೆಚ್ಚುಕಡಿಮೆ ವಜಾ ಆಗುತ್ತವೆ. ಅದನ್ನು ನೆಚ್ಚಿಕೊಂಡು ಲೆಕ್ಕ ಬಿಡುವುದು ಬೇಡ, ಕೂಲಿಂಗ್ ನೀರಿನ ತಾಪ ಬದಲಾದರೆ ಅದೂ ಹೋಯಿತು.

ಇವೆರಡಕ್ಕಿಂತ ಕಾಟ ಕೊಡುವುದು ಬ್ರೇಜಿಂಗ್, ಅಂದರೆ ಭಾಗಗಳನ್ನು ಕುಲುಮೆಯಲ್ಲಿ ಬೆಸೆಯುವುದು. 0.05 ಮಿ.ಮೀ. ಬೆಳ್ಳಿ-ತಾಮ್ರದ ಹಾಳೆ 780 ಡಿಗ್ರಿಯಲ್ಲಿ ಕರಗಿ ಜಾಯಿಂಟ್ ಕೂತಾಗ ಕ್ಯಾವಿಟಿಯೊಳಗೆ ಚಾಚಿದ ಮೂಗುಗಳ ನಡುವಿನ ಗ್ಯಾಪ್ ಕಿರಿದಾಗುತ್ತದೆ. ಗ್ಯಾಪಿನಲ್ಲಿ 0.1 ಮಿ.ಮೀ. ವ್ಯತ್ಯಾಸ ಬಂದರೂ ಫ್ರೀಕ್ವೆನ್ಸಿ ಹಲವು ಮೆಗಾಹರ್ಟ್ಸ್ ಇಳಿಯುತ್ತದೆ. ಔಟ್‌ಪುಟ್‌ಗೆ ಮುಂಚಿನ ಕ್ಯಾವಿಟಿಯನ್ನು ಹೇಗೂ ಬಹಳ ಮೇಲಕ್ಕೆ ಟ್ಯೂನ್ ಮಾಡಿರುವುದರಿಂದ ಒಂದೆರಡು ಮೆಗಾಹರ್ಟ್ಸ್ ಅಲ್ಲಿ ನಡೆದೀತು. ಸಿಗ್ನಲ್ ಬಲಪಡಿಸುವ ಗೇನ್ ಕ್ಯಾವಿಟಿಗಳಲ್ಲಿ ನಡೆಯದು. ಹಾಗಾಗಿ ಎಲ್ಲವನ್ನೂ ಬೇಕೆಂದೇ ತುಸು ಕಡಿಮೆ ಫ್ರೀಕ್ವೆನ್ಸಿಗೆ ಕೊರೆಸುತ್ತೇನೆ. ಬ್ರೇಜ್ ಆದಮೇಲೆ ಹೊರಗೋಡೆಯ ತೆಳುಭಾಗವನ್ನು ಸ್ಕ್ರೂನಿಂದ ಒಳಕ್ಕೆ ಒತ್ತಿದರೆ ಫ್ರೀಕ್ವೆನ್ಸಿ ಏರುತ್ತದೆ. ಕುಲುಮೆಯಿಂದ ಬಂದ ತಾಮ್ರ ಮೆತ್ತಗಿರುವುದರಿಂದ ಒತ್ತಿದಲ್ಲೇ ನಿಲ್ಲುತ್ತದೆ. ಹಿಂದೆ ಮುಂದೆ ಆಡಿಸಿದರೆ ಗಡಸಾಗಿ ಬಿರುಕು ಬಿಡುತ್ತದೆ, ಅದಕ್ಕೇ ಒಂದೇ ದಿಕ್ಕಿನ ಒತ್ತು.

ಔಟ್‌ಪುಟ್ ವಿಂಡೋದ (ನಿರ್ವಾತ ಕೆಡಿಸದೆ ಪವರ್ ಹೊರಬಿಡುವ ತಟ್ಟೆ) ಅಲ್ಯೂಮಿನಾಗೆ ಟೈಟಾನಿಯಂ ನೈಟ್ರೈಡಿನ ಬಲು ತೆಳು ಲೇಪ ಇರಲೇಬೇಕು, ಮಲ್ಟಿಪ್ಯಾಕ್ಟರ್ (ಎಲೆಕ್ಟ್ರಾನ್‌ಗಳು ಮೇಲ್ಮೈಗೆ ಬಡಿದು ಬಡಿದು ಸಂಖ್ಯೆಯಲ್ಲಿ ಹೆಚ್ಚುತ್ತಾ ಹೋಗುವುದು) ತಡೆಯಲು. ದಪ್ಪವಾದರೆ ಲೇಪವೇ ಬಿಸಿಯಾಗುತ್ತದೆ.

ಸೀಸದ ಕವಚ ಕೂರಿಸದೆ ಹೈ ವೋಲ್ಟೇಜ್ ಹಾಕಬಾರದು, 125 ಕಿಲೋವೋಲ್ಟ್‌ಗೆ ಎಕ್ಸ್-ರೇ ಖಚಿತ. ಚಿಕ್ಕ ಪಲ್ಸ್‌ನಿಂದ ಶುರುಮಾಡಿ, ಅಯಾನ್ ಪಂಪಿನ ಕರೆಂಟ್ (ಒಳಗೆ ಉಳಿದ ಅನಿಲದ ಸೂಚಕ) ಇಳಿದ ಮೇಲಷ್ಟೇ ಪಲ್ಸ್ ಉದ್ದ ಮಾಡುತ್ತೇನೆ. ಡ್ರೈವ್ (ಇನ್‌ಪುಟ್ ಸಿಗ್ನಲ್) ತೆಗೆದರೂ ಔಟ್‌ಪುಟ್‌ನಲ್ಲಿ ಸಿಗ್ನಲ್ ಕಂಡರೆ, ಬಳಸಿದ ಬೀಮ್ ಬಂದು ಬೀಳುವ ಕಲೆಕ್ಟರ್‌ನಿಂದ ಹಿಂದಿರುಗುವ ಎಲೆಕ್ಟ್ರಾನ್‌ಗಳನ್ನು ಮೊದಲು ಶಂಕಿಸಿ, ಗನ್ ಆಮೇಲೆ.