ಮಕ್ಕಳಿಗೆ ಡ್ರೋನ್ ಕೊಡಿಸುವ ಮುಂಚೆ ಇದನ್ನೊಮ್ಮೆ ಓದಿ

ಮುಲುಂಡ್, ಠಾಣೆ, ಡೊಂಬಿವಲಿ ಕಡೆಯ ನಮ್ಮವರೆಲ್ಲರಿಗೂ ನಮಸ್ಕಾರ. ಕಳೆದ ಭಾನುವಾರ ನಮ್ಮ ಅತ್ತಿಗೆ ಒಂಬತ್ತನೇ ಮಹಡಿಯ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದರು. ಎದುರಿಗೇ ಡ್ರೋನ್ ಬಂದು ನಿಂತಿತು. ತುಂಬಾ ಹೆದರಿಬಿಟ್ಟರು. ಆಮೇಲೆ ನೋಡಿದರೆ ಪಕ್ಕದ ವಿಂಗ್‌ನ ಹುಡುಗ. ಸುಮ್ನೆ ಆಟಕ್ಕೆ ಹಾರಿಸಿದ್ದನಂತೆ.

ಆಟ ಅಂದುಕೊಂಡರೂ ಕಾನೂನು ಹಾಗೆ ನೋಡುವುದಿಲ್ಲ. 250 ಗ್ರಾಂಗಿಂತ ಜಾಸ್ತಿ ತೂಕದ ಡ್ರೋನ್‌ಗೆ ನೋಂದಣಿ ಬೇಕೇ ಬೇಕು. 2021ರ ಡ್ರೋನ್ ನಿಯಮ ಮುರಿದರೆ 1 ಲಕ್ಷ ರೂಪಾಯಿವರೆಗೆ ದಂಡ. ಮುಂಬೈಯಲ್ಲಂತೂ ಭದ್ರತೆಗಾಗಿ ಪೊಲೀಸರು ಆಗಾಗ ಡ್ರೋನ್ ನಿಷೇಧಿಸಿ ಆದೇಶ ಹೊರಡಿಸುತ್ತಾರೆ. ಅದನ್ನು ಮೀರಿದರೆ ಬೇರೆಯೇ ಕೇಸ್. ಗಣಪತಿ ವಿಸರ್ಜನೆ ಶೂಟ್ ಮಾಡುವ ಆಸೆ ಇದ್ದರೆ ಮೊದಲು ಪೊಲೀಸ್ ಠಾಣೆಯಲ್ಲಿ ವಿಚಾರಿಸಿ.

ನನಗೆ ಜಾಸ್ತಿ ಚಿಂತೆ ಕ್ಯಾಮೆರಾದ್ದು. ಹೆಣ್ಣುಮಕ್ಕಳು ಬಟ್ಟೆ ಬದಲಿಸುವಾಗ, ಸ್ನಾನ ಮಾಡುವಾಗ ಕದ್ದು ಚಿತ್ರ ತೆಗೆದರೆ ಭಾರತೀಯ ನ್ಯಾಯ ಸಂಹಿತೆಯ 77ನೇ ಸೆಕ್ಷನ್ ಪ್ರಕಾರ ಮೊದಲ ಸಲಕ್ಕೇ 1ರಿಂದ 3 ವರ್ಷ ಜೈಲು, ಜೊತೆಗೆ ದಂಡ. ಓದುವ ಹುಡುಗನ ಬದುಕು ಏನಾಗಬೇಕು ಹೇಳಿ?

ನಿಮ್ಮ ಕಿಟಕಿಗೇ ಡ್ರೋನ್ ಬಂದರೆ ಕಲ್ಲು ಹೊಡೆಯಬೇಡಿ. ಕೆಳಗೆ ಯಾರ ತಲೆ ಮೇಲಾದರೂ ಬೀಳಬಹುದು. ಪರದೆ ಎಳೆದು ಫೋನಿನಲ್ಲಿ ಅದರ ವಿಡಿಯೋ ತೆಗೆಯಿರಿ. ಸಮಯ, ಹೋದ ದಿಕ್ಕು ಬರೆದಿಡಿ. ಸೊಸೈಟಿ ಸೆಕ್ರೆಟರಿಗೆ ತಿಳಿಸಿ, 112ಕ್ಕೆ ಕರೆ ಮಾಡಿ. ನಾವು ಆ ಹುಡುಗನ ಅಪ್ಪ ಅಮ್ಮನನ್ನು ಕೂರಿಸಿಕೊಂಡು ಮಾತಾಡಿದೆವು. ಮೆಮೊರಿ ಕಾರ್ಡಿನಲ್ಲಿದ್ದದ್ದನ್ನು ಅವರೇ ನಮ್ಮೆದುರು ತೆರೆದು ತೋರಿಸಿ ಅಳಿಸಿದರು.